ನೀರಜಾ ಆಂಟಿ ಮತ್ತು ಹನ್ನೊಂದು ಅಮ್ಮಂದಿರ ಸೈನು

...ಅದನ್ನೇ ನಾನು ಅವತ್ತು ಹೇಳ್ತಿದ್ದಿದ್ದು, ಆಂಟಿ ಕದ್ದು ರೆಕಾರ್ಡ್ ಮಾಡ್ಲೇ ಇಲ್ಲ. ನಮ್ಮ ಲಂಡನ್ ಕನ್ನಡದೋರ ವಾಟ್ಸಾಪ್ ಗ್ರೂಪಲ್ಲಿ ಯಾರೋ ಹಾಕಿದ್ರಲ್ಲ, ಪಿನ್ನರ್‌ನಿಂದ ಒಬ್ರು ಮೇಡಂ ಮನೆಮನೆಗೆ ಬರ್ತಾರೆ, ಊರಿಂದ ಬಂದಿರೋ ಅಮ್ಮಂದಿರನ್ನ ಮಾತಾಡ್ಸಿ ಮನೆ ಗುಟ್ಟೆಲ್ಲ ರೆಕಾರ್ಡ್ ಮಾಡ್ಕೊಂಡು ಹೋಗ್ತಾರೆ, ಹುಷಾರು ಅಂತ. ಅದಕ್ಕೆ ನಲವತ್ತು ಜನ ಥಂಬ್ಸ್ ಅಪ್ ಬೇರೆ ಒತ್ತಿದ್ರು. ಆ ಮೇಡಂ ನಮ್ಮ ನೀರಜಾ ಆಂಟಿ. ಹೋದ್ಸಲ ಸಿಕ್ಕಾಗ ಅರ್ಧ ಹೇಳಿ ಬಸ್ ಬಂತು ಅಂತ ಓಡಿಬಿಟ್ಟೆ. ಈಗ ಪೂರ್ತಿ ಬರೀತೀನಿ, ಓದ್ಬಿಡಿ.

ಮೊದ್ಲೇ ಹೇಳ್ಬಿಡ್ತೀನಿ, ನಾನು ಅವ್ರ ಫ್ಯಾನು. ಪ್ರತಿ ಸೋಮವಾರ ಬೆಳಿಗ್ಗೆ ಗ್ರೂಪಿಗೆ ಮೂರು ನಿಮಿಷದ ವಾಯ್ಸ್ ನೋಟ್ ಹಾಕ್ತಿದ್ರು, ನೆನಪಿದ್ಯಾ? ಹಿಂದೆ ಒಗ್ಗರಣೆ ಚಟಪಟ ಅಂತಿರತ್ತೆ, ಆಂಟಿ ಅವ್ರ ಧಾರವಾಡ ಕನ್ನಡದಲ್ಲಿ ಕೌನ್ಸಿಲ್‌ನೋರು ಕಸದ ಬಿನ್ ಖಾಲಿ ಮಾಡದೇ ಹೋದ ಕಥೇನೋ, ಜಿಪಿ ಡಾಕ್ಟರ್ ರಿಸೆಪ್ಶನ್ನಲ್ಲಿ ಗಂಡನ ಹೆಸರಿನ ಸ್ಪೆಲ್ಲಿಂಗ್ ಹೇಳಿ ಹೇಳಿ ಸುಸ್ತಾದ ಕಥೇನೋ ಹೇಳ್ತಿರ್ತಾರೆ. ಏರ್‌ಪೋರ್ಟಲ್ಲಿ ನನ್ನ ಶಿಫ್ಟು, ಹೋಗೋ ಬಸ್ಸಲ್ಲಿ ಎರಡೆರಡು ಸಲ ಕೇಳ್ತಿದ್ದೆ. ಜುಲೈಯಿಂದ ಅದು ನಿಂತೋಯ್ತು. ಯಾಕೆ ಅಂತ ತಡ್ಕೊಳಕ್ಕಾಗ್ದೆ ಫೋನ್ ಮಾಡ್ದೆ. ಅವತ್ತು ಬಾ ಅಂದ್ರು, ಅವಲಕ್ಕಿ ಕೊಟ್ರು, ಹೇಳಿದ್ರು. ಆಮೇಲೂ ನಾಲ್ಕೈದು ಸಲ ಹೋಗಿ ತಲೆ ತಿಂದಿದೀನಿ.

ಆಂಟಿ ಧಾರವಾಡದ ಮಾಳಮಡ್ಡಿಯವ್ರು. ಮದುವೆಗೆ ಮುಂಚೆ ಎರಡು ವರ್ಷ ರೇಡಿಯೋದಲ್ಲಿ ಅನೌನ್ಸರ್ ಆಗಿದ್ರು, ಪರ್ಮನೆಂಟ್ ಅಲ್ಲ, ಕರೆದಾಗ ಹೋಗೋದು. ವೇಣುಗೋಪಾಲ ಅಂಕಲ್ ಇಲ್ಲಿ ಆಸ್ಪತ್ರೇಲಿ ಸರ್ಜನ್ನು. ಮದುವೆಯಾಗಿ ಪಿನ್ನರ್‌ಗೆ ಬಂದು ಹದಿನೇಳು ವರ್ಷ ಆಯ್ತು. ಮಗ ಶಿಶಿರ್‌ಗೆ ಹದಿನೈದು, ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಲ್ಲೇ ಉತ್ತರ, ಅದೂ ಒಂದು ಪದದಲ್ಲಿ. ಮನೇಲಿ ಮಾತಾಡೋಕೆ ಯಾರೂ ಸಿಗಲ್ಲ ಅಂತಲೇ ವಾಯ್ಸ್ ನೋಟ್ ಶುರು ಮಾಡಿದ್ದಂತೆ. ಅದನ್ನ ಕೇಳಿದ ಯಾರೋ, ನೀವು ಇದನ್ನೇ ಕಾಲೇಜಿಗೆ ಸೇರಿ ಓದಬಹುದಲ್ಲ ಅಂದ್ರಂತೆ. ನಲವತ್ನಾಲ್ಕನೇ ವಯಸ್ಸಲ್ಲಿ ಅಕ್ಸ್‌ಬ್ರಿಡ್ಜ್ ಯೂನಿವರ್ಸಿಟೀಲಿ ಎಂಎ ಸೇರಿದ್ರು. ಮೀಡಿಯಾ ಆಂಡ್ ಕಮ್ಯುನಿಕೇಶನ್, ಪಾರ್ಟ್ ಟೈಮು, ಎರಡು ವರ್ಷ.

ಅಪ್ಲಿಕೇಶನ್ ತುಂಬಿದ್ದು ಅಂಕಲ್ಲೇ. ಪ್ರಿಂಟ್ ತೆಗ್ದು, ಆಂಟಿ ಎಲ್ಲೆಲ್ಲಿ ಸೈನ್ ಹಾಕ್ಬೇಕೋ ಅಲ್ಲಲ್ಲಿ ಪೆನ್ಸಿಲಲ್ಲಿ ಸಣ್ಣ ಇಂಟು ಮಾರ್ಕ್ ಹಾಕಿಟ್ಟಿದ್ರು. ಆಂಟಿ ಅನ್ನಕ್ಕಿಟ್ಟು ಬಂದು ನಾಲ್ಕು ಕಡೆ ಸೈನ್ ಹಾಕಿ ವಾಪಸ್ ಒಲೆ ಹತ್ರ ಹೋದ್ರು. ಆಗ ಅವ್ರಿಗೆ ಅದು ಏನೂ ಅನ್ನಿಸಿರ್ಲಿಲ್ಲ. ಈ ಪೆನ್ಸಿಲ್ ಮಾರ್ಕ್ ನೆನಪಿಟ್ಕೊಳಿ.

ಮೊದಲ್ನೇ ಪ್ರಬಂಧಕ್ಕೆ ನಲವತ್ತೆಂಟು ಬಂತು. ಪಾಸಾಗೋಕೆ ಐವತ್ತು ಬೇಕು. ನಮ್ಮೂರಲ್ಲಿ ಹೆಂಗಸರು ರೇಡಿಯೋ ಹೇಗೆ ಕೇಳ್ತಾರೆ ಅಂತ ಬರ್ದು, ಇದು ಎಲ್ಲರಿಗೂ ಗೊತ್ತಿರೋ ವಿಷಯ ಅಂತ ಸೇರಿಸಿದ್ರಂತೆ. ಅಂಚಲ್ಲಿ ಗೈಡ್ ಬರ್ದಿದ್ರು, ಎಲ್ಲರು ಅಂದ್ರೆ ಯಾರು? ಗೈಡ್ ಐರಿಷ್ ಹೆಂಗಸು, ಮಾತು ಕಮ್ಮಿ, ಅಂಚಲ್ಲಿ ಪ್ರಶ್ನೆ ಜಾಸ್ತಿ. ಆಂಟಿ ಆ ಪೇಪರ್ ಇಟ್ಕೊಂಡು ಹ್ಯಾರೋದಲ್ಲಿ ಟ್ಯೂಬ್ ಟ್ರೈನ್ ಬದಲಾಯಿಸೋದನ್ನೇ ಮರೆತು ಎಲ್ಲೆಲ್ಲೋ ಹೋಗಿಬಿಟ್ಟಿದ್ರಂತೆ. ಎರಡನೇದಕ್ಕೆ ಅರವತ್ತೊಂದು. ಮೂರನೇದಕ್ಕೆ ಅರವತ್ತೇಳು. ಪೇಪರ್‌ಗಳನ್ನ ಫ್ರಿಜ್ಜಿಗೆ ಅಂಟಿಸಿದ್ರು, ಶಿಶಿರ್ ಮಾರ್ಕ್ಸ್ ಶೀಟ್ ಪಕ್ಕದಲ್ಲೇ. ಅವನು ನೋಡಿ "ನೈಸ್" ಅಂದ.

ಮೊದಲ್ನೇದನ್ನೂ ಮತ್ತೆ ಬರ್ದು ಪಾಸಾದ್ಮೇಲೆ ಉಳಿದಿದ್ದು ಕೊನೇ ಥೀಸಿಸ್ ಒಂದೇ. ಅದಾದ್ರೆ ಎಂಎ. ಆಗ್ಲಿಲ್ಲ ಅಂದ್ರೆ ಡಿಪ್ಲೊಮಾ ಅಂತ ಬೇರೆ ಕಾಗದ ಕೊಟ್ಟು ಕಳಿಸ್ತಾರೆ.

ಆಂಟಿ ಆರಿಸ್ಕೊಂಡ ವಿಷಯ ಎಷ್ಟು ಚೆನ್ನಾಗಿದೆ ಅಂದ್ರೆ ನನಗೆ ಹೊಟ್ಟೆಕಿಚ್ಚು. ಮಗ ಮಗಳ ಮನೆಗೆ ಅಂತ ಆರು ತಿಂಗಳು ಲಂಡನ್ನಿಗೆ ಬರ್ತಾರಲ್ಲ ನಮ್ಮ ಅಮ್ಮಂದಿರು, ಅವ್ರು ಇಲ್ಲಿ ಏನು ನೋಡ್ತಾರೆ, ಏನು ಕೇಳ್ತಾರೆ, ಯಾರಿಗೆ ಫೋನ್ ಮಾಡ್ತಾರೆ. ಊರಲ್ಲಿ ಸಂಜೆ ಏಳಕ್ಕೆ ಬರೋ ಸೀರಿಯಲ್ಲು ಇಲ್ಲಿ ಬೇಸಿಗೇಲಿ ಮಧ್ಯಾಹ್ನ ಎರಡೂವರೆಗೆ. ಅದಕ್ಕೆ ಹುಬ್ಬಳ್ಳಿ ಅಜ್ಜಿ ಒಬ್ರು ಊಟದ ಪಾತ್ರೆ ಎಲ್ಲ ಎರಡರೊಳಗೆ ತೊಳ್ದು ರೆಡಿಯಾಗಿ ಕೂರ್ತಾರೆ. ಇನ್ನೊಬ್ರು ಅಳಿಯ ಮನೇಲೇ ಮೀಟಿಂಗ್ ಮಾಡ್ತಾನೆ, ಸದ್ದು ಮಾಡ್ಬಾರ್ದು ಅಂತ ಕೋಟ್ ಹಾಕ್ಕೊಂಡು ಗಾರ್ಡನ್ನಲ್ಲಿ ನಿಂತು ಹಳೇ ಫೋನಲ್ಲಿ ಪ್ರವಚನ ಕೇಳ್ತಾರೆ. ಇಂಥ ಹನ್ನೊಂದು ಜನರನ್ನ ಮಾತಾಡ್ಸಿದ್ರು ಆಂಟಿ. ಹೌನ್ಸ್ಲೋ, ಹ್ಯಾರೋ, ಸ್ಲೌ ತನಕ ಬಸ್ಸಲ್ಲಿ ಹೋಗಿ.

ತಪ್ಪಾಗಿದ್ದು ಇಲ್ಲಿ. ಮಾತಾಡ್ಸೋಕೆ ಮುಂಚೆ ಪ್ರತಿಯೊಬ್ರ ಹತ್ರಾನೂ ಒಪ್ಪಿಗೆ ಫಾರ್ಮ್ ಸೈನ್ ಮಾಡಿಸ್ಬೇಕು. ಆರು ಪುಟ, ಇಂಗ್ಲಿಷು. ಆಂಟಿ ಮನೆಗೆ ಹೋಗ್ತಾರೆ, ಅರಿಶಿನ ಕುಂಕುಮ ಆಗತ್ತೆ, ಉಪ್ಪಿಟ್ಟು ಬರತ್ತೆ. ಫಾರ್ಮ್ ಆಚೆ ತೆಗೆದ್ರೆ ಮಗನೋ ಸೊಸೆನೋ ಕೈ ಚಾಚಿ ಇಸ್ಕೊಂಡು, ಕೊಡಿ, ಅಮ್ಮಂಗೆ ಇದೆಲ್ಲ ಗೊತ್ತಾಗಲ್ಲ ಅಂತ ಸೈನ್ ಹಾಕೇ ಬಿಡ್ತಾರೆ. ಅಮ್ಮಂದಿರೂ ಹಾಗೇ, ಪೇಪರ್ ನೋಡಿದ ತಕ್ಷಣ ಮಗನ ಕಡೆ ತಿರುಗ್ತಾರೆ. ವೀಸಾ ಫಾರ್ಮು, ಬ್ಯಾಂಕು, ಇನ್ಶೂರೆನ್ಸು ಎಲ್ಲ ಅವನೇ ನೋಡ್ಕೊಳ್ಳೋದು, ಇದೂ ಅವನೇ. ನಿಮ್ಮನೇಲೂ ಹಂಗೇ ಅಲ್ವಾ? ನಮ್ಮನೇಲಂತೂ ಹಂಗೇ. ಆಂಟಿಗೂ ಅದು ತಪ್ಪು ಅಂತ ತಲೆಗೇ ಹೋಗ್ಲಿಲ್ಲ. ಎರಡು ಮೂರು ಕಡೆ ಅವ್ರೇ ಹೇಳಿದ್ರಂತೆ, ನೀವ ಒಂದು ಸಹಿ ಹಾಕಿಬಿಡ್ರಿ ಅಂತ. ಹನ್ನೊಂದು ಫಾರ್ಮು, ಹನ್ನೊಂದು ಸೈನು, ಒಂದೂ ಅಮ್ಮಂದಿರದ್ದಲ್ಲ.

ಜುಲೈ ಎರಡನೇ ವಾರ ಗೈಡ್ ಅದನ್ನೆಲ್ಲ ತೆಗೆದು ನೋಡಿದ್ರು. ನಾಲ್ಕನೇ ವ್ಯಕ್ತಿ ಎಪ್ಪತ್ತೊಂದು ವರ್ಷದ ಹೆಂಗಸು ಅಂತ ಬರ್ದಿದೀಯ, ಈ ಚಂದ್ರಶೇಖರ್ ಯಾರು ಅಂತ ಕೇಳಿದ್ರು. ಆಂಟಿ ನಗ್ತಾ, ಅವ್ರ ಮಗ, ತುಂಬಾ ಒಳ್ಳೆ ಹುಡುಗ ಅಂದ್ರಂತೆ. ಗೈಡ್ ನಗ್ಲಿಲ್ಲ. ಒಂದೊಂದೇ ಫಾರ್ಮ್ ತಿರುಗಿಸ್ತಾ ಹೋದ್ರು. ಹನ್ನೊಂದನೇದು ಮುಗಿಯೋ ಹೊತ್ತಿಗೆ ಆಂಟಿಗೂ ತಪ್ಪು ಗೊತ್ತಾಗಿತ್ತಂತೆ. ಎರಡು ದಿನ ಬಿಟ್ಟು ಯೂನಿವರ್ಸಿಟಿಯಿಂದ ಮೇಲ್ ಬಂತು. ಪ್ರತಿ ಅಮ್ಮನೂ ತಾವೇ ಒಪ್ಪಿಗೆ ಕೊಡೋವರೆಗೂ ಅವ್ರ ಒಂದು ಮಾತನ್ನೂ ಥೀಸಿಸ್ನಲ್ಲಿ ಬಳಸೋ ಹಾಗಿಲ್ಲ. ಊರಿಗೆ ವಾಪಸ್ ಹೋದೋರ ಹತ್ರ ಫೋನಲ್ಲಿ ತಗೋಬಹುದು, ಆದ್ರೆ ಅವ್ರ ಭಾಷೇಲಿ ಓದಿ ಹೇಳ್ಬೇಕು, ಪಕ್ಕದಲ್ಲಿ ಮನೆಯವ್ರು ಇರ್ಬಾರ್ದು. ಥೀಸಿಸ್ ಕೊಡೋಕೆ ಏಳು ವಾರ ಇತ್ತು.

ಅವತ್ತು ಸಂಜೆ ಅಂಕಲ್‌ಗೆ ಹೇಳಿದ್ರು. ಅಂಕಲ್ ಕೇಳಿ, ಇದು ಸಣ್ಣ ತಪ್ಪಲ್ಲ ನೀರಜಾ, ಅಂದ್ರು.

"ಆಸ್ಪತ್ರ್ಯಾಗ ಆಪರೇಶನ್ ಸಹಿಗೆ ಮುದುಕಿ ಜೋಡಿ ಮಗ ಬಂದ್ರ ನಾವು ಮಗನ್ನ ಹೊರಗ ಕಳಸ್ತೀವಿ. ಫೋನಿನ್ಯಾಗ ಭಾಷಾ ಬಲ್ಲೋರ್ನ ಹಿಡದು ಆಕಿನ್ನ ಕೇಳ್ತೀವಿ. ಇದು ನಮಗ ಮೊದಲನೇ ಪಾಠ."

"ಹಂಗಾರ ನನಗ್ಯಾಕ ಹೇಳಲಿಲ್ರಿ?"

"ನೀ ಎಲ್ಲೆ ಕೇಳಿದಿ?"

ಆಂಟಿ, ನನ್ನ ಅಪ್ಲಿಕೇಶನ್ನಿನ ಮ್ಯಾಲೆ ಪೆನ್ಸಿಲ್ ಮಾರ್ಕ್ ಹಾಕಿದೋರು ಯಾರು ಅಂತ ಕೇಳಿದ್ರಂತೆ. ಅಂಕಲ್ ಎದ್ದು ಹೋಗಿ ಡಿಶ್‌ವಾಷರ್‌ಗೆ ಪಾತ್ರೆ ಜೋಡ್ಸೋಕೆ ಶುರು ಮಾಡಿದ್ರು. ಹದಿನೇಳು ವರ್ಷದಲ್ಲಿ ಅವ್ರು ತಾವಾಗೇ ಪಾತ್ರೆ ಜೋಡ್ಸಿದ್ದು ಅದೇ ಮೊದಲು ಅಂತ ಆಂಟಿ ಹೇಳಿ ನಕ್ಕರು. ಆದ್ರೆ ಆ ನಗು ಜಾಸ್ತಿ ಹೊತ್ತು ಇರ್ಲಿಲ್ಲ.

ಆಮೇಲೆ ಆರು ಪುಟಾನ ಆಂಟಿ ತಮ್ಮ ಮಾತಿಗೆ ಇಳಿಸಿದ್ರು. ನಿಮಗ ಮನಸಿಲ್ಲಂದ್ರ ಬ್ಯಾಡ ಅನ್ರಿ. ಯಾಕ ಬ್ಯಾಡ ಅಂತ ಯಾರೂ ಕೇಳಂಗಿಲ್ಲ. ಈಗ ಹ್ಞೂಂ ಅಂದು ನಾಳೆ ಬ್ಯಾಡ ಅಂದ್ರೂ ನಡೀತದ. ಮೈಸೂರು ಬೆಂಗಳೂರು ಕಡೆಯವ್ರಿಗೆ ಅಂತ ಅದನ್ನೇ ಇನ್ನೊಂದು ಥರ ಬರ್ಕೊಂಡ್ರು. ಒಬ್ಬೊಬ್ರಿಗೇ ಫೋನ್ ಮಾಡೋಕೆ ಕೂತ್ರು.

ಹುಬ್ಬಳ್ಳಿ ಅಜ್ಜಿ ಎಲ್ಲ ಕೇಳಿ, ಇಷ್ಟಕ್ಕನ? ಮೊದಲ ಕೇಳಿದ್ರ ಮೊದಲ ಹೇಳ್ತಿದ್ದೆ, ಅಂತ ಅಂದ್ರಂತೆ. ಆಂಟಿಗೆ ಕೆನ್ನೆಗೆ ಹೊಡ್ದ ಹಾಗಾಯ್ತು. ಬೆಂಗಳೂರಿನ ಒಬ್ರು ನಾಲ್ಕು ಸಲ, ನಮ್ಮ ಹುಡುಗನ್ನ ಕೇಳಮ್ಮ, ಅವನು ಹೂಂ ಅಂದ್ರೆ ನಂದೂ ಹೂಂ ಅಂದ್ರು. ಐದನೇ ಸಲ ಆಂಟಿ, ಹುಡುಗನ್ನ ಬಿಡಿ, ನಿಮಗೇನು ಅನ್ಸತ್ತೆ ಅಂದ್ರು. ಆ ಕಡೆಯಿಂದ ಮೆಲ್ಲಗೆ ಹೂಂ. ಹೀಗೆ ಎಂಟು ಜನ ಒಪ್ಪಿದ್ರು.

ಆ ಗ್ರೂಪ್ ಮೆಸೇಜು ಬಂದಿದ್ದು ಇದೇ ಹೊತ್ತಲ್ಲಿ, ಇದನ್ನ ನೀವು ಸ್ವಲ್ಪ ಯೋಚ್ನೆ ಮಾಡಿ. ಮಗ ಸೈನ್ ಹಾಕಿ ಪಕ್ಕದಲ್ಲೇ ಕೂತಿದ್ದಾಗ ಯಾರಿಗೂ ಏನೂ ಅನ್ನಿಸ್ಲಿಲ್ಲ. ಆಂಟಿ ಸರಿ ಮಾಡೋಕೆ ಅಂತ, ಸ್ವಲ್ಪ ಆಚೆ ಹೋಗಿ, ಅಮ್ಮನ್ನ ಒಬ್ರನ್ನೇ ಕೇಳ್ಬೇಕು ಅಂದಾಗ ಶುರುವಾಯ್ತು. ಮಗನ್ನ ಆಚೆ ಕಳಿಸಿ ಅಮ್ಮನ ಹತ್ರ ಏನಪ್ಪಾ ಮಾತು? ಇಬ್ರು ಗಂಡುಮಕ್ಕಳು ಫೋನೇ ಕೊಡ್ಲಿಲ್ಲ, ಅಮ್ಮ ಮಲಗಿದಾರೆ ಅಂದ್ರು, ಎರಡು ವಾರ ಮಲಗೇ ಇದ್ರು. ಆಂಟಿ ಗ್ರೂಪಲ್ಲಿ ಉತ್ತರ ಬರೆದು, ಅಳಿಸಿ, ಬರೆದು, ಕಳಿಸ್ಲೇ ಇಲ್ಲ. ಸೋಮವಾರದ ವಾಯ್ಸ್ ನೋಟೂ ನಿಂತಿತು.

ಕೊನೆಗೆ ಉಳಿದಿದ್ದು ಆ ನಾಲ್ಕನೇ ವ್ಯಕ್ತಿ, ವಿಜಯಮ್ಮ. ಮೈಸೂರಿನವ್ರು, ಹೌನ್ಸ್ಲೋದಲ್ಲಿ ಮಗ ಚಂದ್ರಶೇಖರ್ ಮನೆಗೆ ಬಂದಿದ್ರು. ಮಗ ಐಟಿಯಲ್ಲಿದ್ದಾರೆ. ಥೀಸಿಸ್ಸಿನ ಮೂರನೇ ಚಾಪ್ಟರು ಪೂರ್ತಿ ವಿಜಯಮ್ಮ ಹೇಳಿದ ಒಂದು ವಿಷಯದ ಮೇಲೇ ನಿಂತಿತ್ತು. ಅದನ್ನ ಓದಿ ಗೈಡು ಎರಡು ವರ್ಷದಲ್ಲಿ ಮೊದಲ ಸಲ ಅಂಚಲ್ಲಿ ಪ್ರಶ್ನೆ ಬರೀದೆ ಬರೀ ಒಂದು ಟಿಕ್ ಹಾಕಿದ್ರಂತೆ. ಏನು ಹೇಳಿದ್ರು ವಿಜಯಮ್ಮ ಅಂತ ನಾನು ಕೇಳ್ದೆ. ಆಂಟಿ ಹೇಳ್ಲಿಲ್ಲ. ಮೂರು ಸಲ ಬೇರೆ ಬೇರೆ ದಾರಿಯಿಂದ ಕೇಳ್ದೆ. ನಾಲ್ಕನೇ ಸಲಕ್ಕೆ, ನೋಡವಾ, ಇನ್ನೊಮ್ಮೆ ಕೇಳಿದ್ರ ಅವಲಕ್ಕಿ ಬಂದ್ ಅಂದ್ರು. ಹಾಗಾಗಿ ನನಗೂ ಗೊತ್ತಿಲ್ಲ, ನೀವೂ ನನ್ನ ಕೇಳ್ಬೇಡಿ.

ಆಗಸ್ಟ್ ಮೊದಲ ಗುರುವಾರ ಆಂಟಿ ಎರಡು ಬಸ್ ಹಿಡ್ದು ಹೌನ್ಸ್ಲೋಗೆ ಹೋದ್ರು. ಚಂದ್ರಶೇಖರ್ ಅವತ್ತು ಮನೆಯಿಂದಲೇ ಕೆಲಸ. ಗ್ರೂಪ್ ಮೆಸೇಜ್ ಅವ್ರೂ ನೋಡಿದ್ರು, ಆದ್ರೂ ಬಾಗಿಲು ತೆಗ್ದು, ಬನ್ನಿ ಮೇಡಂ ಅಂತ ಕೂರಿಸಿದ್ರು, ಕಾಫಿ ತಾವೇ ಮಾಡಿದ್ರು. ಸ್ವಲ್ಪ ಪಕ್ಕದ ರೂಮಿಗೆ ಹೋಗ್ತೀರಾ ಅಂತ ಆಂಟಿ ಕೇಳಿದಾಗ ಕಪ್ಪು ಕೆಳಗಿಟ್ರು.

"ನಾನಿದ್ರೆ ಹೇಳೋಕಾಗದೇ ಇರೋದು ಅಮ್ಮ ಏನು ಹೇಳಿದಾರೆ ಮೇಡಂ? ನಾವು ಅವ್ರನ್ನ ಚೆನ್ನಾಗಿ ನೋಡ್ಕೊಳ್ತಿಲ್ವಾ?"

ಇಲ್ಲ ಅಂದ್ರೂ ತಪ್ಪು, ಹೌದು ಅಂದ್ರೂ ತಪ್ಪು, ಹೇಳೋ ಹಾಗಿಲ್ಲ ಅಂದ್ರೆ ಇನ್ನೂ ತಪ್ಪು. ಆಂಟಿ, ಯೂನಿವರ್ಸಿಟಿ ರೂಲ್ಸು ಅಂದ್ರು. ಚಂದ್ರಶೇಖರ್ ಲ್ಯಾಪ್‌ಟಾಪ್ ತಗೊಂಡು ಎದ್ದು ಹೋದ್ರು, ಬಾಗಿಲನ್ನ ಪೂರ್ತಿ ಹಾಕ್ದೆ.

ಆಂಟಿ ಎದ್ದು ಹೋಗಿ ಬಾಗಿಲು ಹಾಕಿ ಬಂದು ಓದೋಕೆ ಶುರು ಮಾಡಿದ್ರು. ವಿಜಯಮ್ಮ ಕನ್ನಡಕ ಹಾಕ್ಕೊಂಡು, ಪರೀಕ್ಷೆಗೆ ಕೂತಿರೋರ ಥರ ಕೇಳ್ತಿದ್ರು. ಬೇಡ ಅನ್ನಬಹುದು ಅನ್ನೋ ಸಾಲು ಬಂದಾಗ ಕೈ ಎತ್ತಿ ನಿಲ್ಲಿಸಿದ್ರು. ಇನ್ನೊಂದ್ಸಲ ಓದು ಅಂದ್ರು. ಆಂಟಿ ಓದಿದ್ರು.

"ನಾನು ಬೇಡ ಅಂದ್ರೆ ನಿನ್ನ ಓದಿಗೆ ತೊಂದ್ರೆ ಆಗಲ್ವೇನಮ್ಮಾ ನೀರಜಾ?"

ಆಂಟಿ ನನಗೆ ಇದನ್ನ ಹೇಳುವಾಗ ಮಧ್ಯ ನಿಲ್ಲಿಸಿ ನೀರು ಕುಡಿದ್ರು. ಹೌದಮ್ಮ, ತುಂಬಾ ತೊಂದ್ರೆ ಆಗತ್ತೆ, ಎರಡು ವರ್ಷ ನೀರಲ್ಲಿ ಹೋಗತ್ತೆ ಅಂತ ಒಂದು ಮಾತು ಅಂದಿದ್ರೆ ಸಾಕಾಗಿತ್ತು. ವಿಜಯಮ್ಮ ಆ ಕ್ಷಣಾನೇ ಸೈನ್ ಹಾಕ್ತಿದ್ರು, ಮೇಲಿಂದ ಕೋಡುಬಳೆ ಡಬ್ಬಾನೂ ಕಟ್ಟಿ ಕೊಡ್ತಿದ್ರು. ಅಂಥವ್ರು ಅವ್ರು. ನಮ್ಮ ಅಮ್ಮಂದಿರೆಲ್ಲ ಅಂಥವ್ರೇ ಅಲ್ವಾ, ಇನ್ನೊಬ್ರಿಗೆ ತೊಂದ್ರೆ ಅಂದ್ರೆ ಮುಗೀತು. ಆಂಟಿಗೆ ಅದು ಗೊತ್ತಿತ್ತು. ಮಾತು ಬಾಯಿ ತನಕ ಬಂದಿತ್ತಂತೆ.

"ಅದು ನನ್ನ ತೊಂದ್ರಿ ಅಮ್ಮಾ. ಅದನ್ನ ನೀವು ತಲ್ಯಾಗ ಇಟ್ಕೋಬ್ಯಾಡ್ರಿ. ನಿಮಗೇನು ಬೇಕು ಅಷ್ಟ ಹೇಳ್ರಿ."

ವಿಜಯಮ್ಮ ಕಿಟಕಿ ಕಡೆ ನೋಡ್ತಾ ಕೂತ್ರು. ಕಾಫಿ ಮೇಲೆ ಕೆನೆ ಕಟ್ಟಿತ್ತು. ಆಮೇಲೆ ಫಾರ್ಮನ್ನ ಎರಡೂ ಕೈಯಲ್ಲಿ ಹಿಡಿದು, ಅಂಚು ಸರಿ ಮಾಡಿ, ಆಂಟಿ ಕಡೆ ತಳ್ಳಿದ್ರು.

"ಹಾಗಾದ್ರೆ ಬೇಡಮ್ಮ."

ಯಾಕೆ ಅಂತ ಆಂಟಿ ಕೇಳ್ಲಿಲ್ಲ. ಕೇಳೋ ಹಾಗಿರ್ಲಿಲ್ಲ. ಫೋನ್ ತೆಗ್ದು, ನಲವತ್ತೆರಡು ನಿಮಿಷದ ರೆಕಾರ್ಡಿಂಗನ್ನ ವಿಜಯಮ್ಮನಿಗೆ ತೋರ್ಸಿ, ಅವ್ರ ಎದುರಿಗೇ ಡಿಲೀಟ್ ಮಾಡಿದ್ರು. ವಿಜಯಮ್ಮ ಸ್ಕ್ರೀನ್ ಹತ್ರ ಬಗ್ಗಿ, ಹೋಯ್ತಾ, ಪೂರ್ತಿ ಹೋಯ್ತಾ ಅಂತ ಕೇಳಿದ್ರಂತೆ. ಕೋಡುಬಳೆ ಡಬ್ಬಾನಂತೂ ಕೊಟ್ರು.

ಮನೆಗೆ ಬಂದು ಆಂಟಿ ಲ್ಯಾಪ್‌ಟಾಪಲ್ಲಿದ್ದ ಕಾಪಿ, ಬರಹ, ಮೂರನೇ ಚಾಪ್ಟರು ಎಲ್ಲ ಅಳಿಸಿದ್ರು. ನಾಲ್ಕು ಸಾವಿರದ ಚಿಲ್ಲರೆ ಪದ. ಶಿಶಿರ್ ಬಂದು ಪಕ್ಕದಲ್ಲಿ ನಿಂತು ನೋಡಿದನಂತೆ. ಟ್ರ್ಯಾಶಿಂದಾನೂ ತೆಗೀಬೇಕು ಅಮ್ಮ, ಅಂದ. ಕನ್ನಡದಲ್ಲೇ ಅಂದ. ಆಂಟಿಗೆ ಅದನ್ನ ಗಮನಿಸೋಷ್ಟು ಮನಸ್ಸು ಆಗ ಇರ್ಲಿಲ್ಲ, ಆಮೇಲೆ ಯಾವಾಗ್ಲೋ ಹೊಳೀತಂತೆ.

ಸೆಪ್ಟೆಂಬರಲ್ಲಿ ಥೀಸಿಸ್ ಕೊಡೋಕಾಗ್ಲಿಲ್ಲ. ಎಂಟೇ ಜನ ಸಾಲಲ್ಲ, ಮೂರನೇ ಚಾಪ್ಟರ್ ಜಾಗದಲ್ಲಿ ಏನಾದ್ರೂ ಬೇಕು, ಇನ್ನೂ ನಾಲ್ಕು ಜನರನ್ನಾದ್ರೂ ಮಾತಾಡ್ಸು ಅಂದ್ರು ಗೈಡು. ಟೈಮ್ ಕೇಳಿ ಬರ್ದಿದ್ದಕ್ಕೆ ಜನವರಿ ಕೊನೇವರೆಗೆ ಕೊಟ್ಟಿದಾರೆ, ಅದರಾಚೆ ಇಲ್ಲ. ಆ ಅರ್ಜಿ ಆಂಟಿ ತಾವೇ ತುಂಬಿದ್ರು, ಎರಡು ಕಡೆ ತಪ್ಪು ಮಾಡಿ ವಾಪಸ್ ಬಂತು, ಮತ್ತೆ ತುಂಬಿದ್ರು. ಅಂಕಲ್ ಟೇಬಲ್ ಆ ಕಡೆ ಕೂತು ಪೆನ್ಸಿಲ್ ಮುಟ್ಟದೆ ನೋಡ್ತಿದ್ರಂತೆ, ಪಾಪ ಕಷ್ಟಪಟ್ಟು. ಡಿಗ್ರಿ ಸಮಾರಂಭಕ್ಕೆ ಧಾರವಾಡದಿಂದ ಆಂಟಿ ಅಕ್ಕ ಬರೋದಿತ್ತು. ಬ್ಯಾಡ, ಸದ್ಯಕ್ಕ ಬ್ಯಾಡ ಅಂತ ಫೋನ್ ಮಾಡಿ ಹೇಳಿದ್ರು.

ಈಗ ನವೆಂಬರು. ನಾಲ್ಕು ಜನ ಬೇಕು, ಸಿಕ್ಕಿರೋದು ಒಬ್ರು. ಆ ಮೆಸೇಜ್ ಆದ್ಮೇಲೆ ಯಾರೂ ಮನೆಗೆ ಕರೀತಿಲ್ಲ. ದೀಪಾವಳಿ ಫಂಕ್ಷನ್ನಲ್ಲಿ ಆಂಟಿ ಬಂದು ಕೂತ ಸಾಲಲ್ಲಿ ಇಬ್ರು ತಮ್ಮ ಅಮ್ಮಂದಿರನ್ನ ಎಬ್ಬಿಸ್ಕೊಂಡು ಹಿಂದಕ್ಕೆ ಹೋದ್ರು, ನಾನೇ ಕಣ್ಣಾರೆ ನೋಡ್ದೆ. ಆಂಟಿ ನೋಡದೋರ ಥರ ಬ್ಯಾಗಲ್ಲಿ ಏನೋ ಹುಡುಕ್ತಿದ್ರು. ನಿಮಗೆ ಬೇಜಾರಾಗಲ್ವಾ ಆಂಟಿ ಅಂದೆ. ಆಗ್ತದ, ಆದ್ರ ಅವ್ರನ್ನ ಬೈಯಾಕ ನನಗ ಮುಖ ಇಲ್ಲ, ನಾನೂ ಮೊದಲ ಅಮ್ಮಂದಿರನ್ನ ಬಿಟ್ಟು ಮಕ್ಕಳನ್ನ ಕೇಳಿದಾಕೀನ, ಅಂದ್ರು. ಥೀಸಿಸ್ ಮುಗಿಯತ್ತಾ ಅಂದ್ರೆ ಗೊತ್ತಿಲ್ಲ ಅಂತಾರೆ.

ಇದನ್ನ ಬರಿಯೋಕೆ ಮುಂಚೆ ಆಂಟಿ ನನಗೆ ಒಂದು ಶರತ್ತು ಹಾಕಿದ್ರು, ವಿಜಯಮ್ಮನ್ನ ಅವ್ರನ್ನೇ ಕೇಳು ಅಂತ. ಅವ್ರು ಈಗ ಮೈಸೂರಲ್ಲಿದ್ದಾರೆ, ಫೋನ್ ಮಾಡ್ದೆ. ನಾನು ಬೇಡ ಅಂದಿದ್ದು ಬರಿ, ಯಾಕೆ ಬೇಡ ಅಂದೆ ಅಂತ ಮಾತ್ರ ಊಹೆ ಮಾಡಿ ಬರೀಬೇಡ ಅಂದ್ರು. ಹೆಸರು ಹಾಕ್ಲಾ ಅಂದೆ. ಹಾಕು, ನಂದೇ ಹಾಕು ಅಂದ್ರು. ಚಂದ್ರಶೇಖರ್‌ಗೂ ಓದೋಕೆ ಕಳಿಸ್ದೆ. ಒಂದು ಸಾಲು ತೆಗಿ ಅಂದ್ರು, ತೆಗ್ದಿದೀನಿ. ಅಮ್ಮ ಏನು ಹೇಳಿದ್ರು ಅಂತ ಅವ್ರು ನನ್ನನ್ನೂ ಕೇಳ್ಲಿಲ್ಲ. ಅಮ್ಮನ್ನೂ ಕೇಳಿಲ್ಲ ಅನ್ಸತ್ತೆ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ನಿಮ್ಮ ಅತ್ತೆ ಹೋದ ತಿಂಗಳು ಬಂದ್ರು ಅಂದ್ರಲ್ಲ, ಏಪ್ರಿಲ್ ತನಕ ಇರ್ತಾರೆ ಅಂತ. ನೀರಜಾ ಆಂಟಿ ಪ್ರತಿ ಶನಿವಾರ ಹತ್ತೂವರೆಯಿಂದ ಪಿನ್ನರ್ ಲೈಬ್ರರೀಲಿ ಕೂತಿರ್ತಾರೆ, ಮೆರೂನ್ ಶಾಲು, ಪಕ್ಕದಲ್ಲಿ ಸ್ಟೀಲ್ ಫ್ಲಾಸ್ಕು, ಮುಂದೆ ಕನ್ನಡದಲ್ಲಿ ಬರ್ದಿರೋ ಫಾರ್ಮು. ಎದುರಿನ ಕುರ್ಚಿ ಖಾಲಿ ಇರತ್ತೆ. ಅತ್ತೇನ ಕರ್ಕೊಂಡು ಹೋಗಿ. ಬರ್ತೀರಾ ಅಂತ ಮೊದ್ಲು ಅವ್ರನ್ನೇ ಕೇಳಿ, ಬರಲ್ಲ ಅಂದ್ರೆ ಬಿಟ್ಬಿಡಿ, ನೀವೊಬ್ರೇ ಹೋಗಿ ಆಂಟಿನ ಮಾತಾಡ್ಸಿ, ಸಾಕು. ಬರ್ತೀನಿ ಅಂದ್ರೆ ಆಂಟಿ ಹತ್ರ ಬಿಟ್ಟು ನೀವು ಆಚೆ ಹೋಗಿ ಒಂದು ಕಾಫಿ ಕುಡಿದು ಬನ್ನಿ. ಪೆನ್ನನ್ನ ಅತ್ತೆ ಕೈಗೇ ಕೊಟ್ಟು ಹೋಗಿ.